ನಲವತ್ತೇಳು ಮಣಿಗಳ ಟೋಪಿ

ನನ್ನ ಗಂಡನ ಹೆಸರು ಕೆಲ್ವಿನ್. ಶಾಖ ಅಳೆಯುವ ಒಂದು ಅಳತೆಗೂ ಇದೇ ಹೆಸರಿದೆ ಎಂದು ಶಾಲೆಯಲ್ಲಿ ಯಾರೋ ಮೇಷ್ಟರು ಹೇಳಿಬಿಟ್ಟರಂತೆ. ಅವತ್ತಿನಿಂದ ಲೋಕದ ಬಿಸಿ ತಂಪಿನ ಹೊಣೆಯೆಲ್ಲ ತನ್ನದೇ ಎಂದುಕೊಂಡಿದ್ದಾನೆ. ಬೇರೆ ಗಂಡಸರ ಜೇಬಿನಲ್ಲಿ ಕರವಸ್ತ್ರ ಇರುತ್ತದೆ, ಇವನ ಜೇಬಿನಲ್ಲಿ ರಸಮಟ್ಟ. ಮರ್ರೆ ನದಿಯ ದಡದ ನಮ್ಮ ಕಾರವಾನ್ ಪಾರ್ಕಿನಲ್ಲಿ, ಅಂದರೆ ವ್ಯಾನನ್ನೇ ಮನೆ ಮಾಡಿಕೊಂಡವರು ಬೀಡುಬಿಡುವ ಜಾಗದಲ್ಲಿ, ಯಾರ ಫ್ರಿಜ್ ಸ್ವಲ್ಪ ಬೆವೆತರೂ ಡಾಕ್ಟರು ಕೆಲ್ ಹಾಜರು.

"ನಿನ್ ವ್ಯಾನು ಎಡಕ್ಕೆ ವಾಲಿದೆ ಗುರು. ವಾಲಿರೋ ಫ್ರಿಜ್ಜೂ ಕುಡ್ದಿರೋ ಗಂಡಸೂ ಒಂದೇ, ಎರಡೂ ಬಿಸಿ ಆಗ್ತವೆ, ಕೆಲಸ ಮಾತ್ರ ಮಾಡಲ್ಲ," ಎಂದು ಚಕ್ರದ ಕೆಳಗೆ ಹಲಗೆ ತಳ್ಳುತ್ತಾನೆ. ಫ್ರಿಜ್ ಬಾಗಿಲಿಗೆ ಐದು ಡಾಲರ್ ನೋಟು ಸಿಕ್ಕಿಸಿ ಎಳೆಯುತ್ತಾನೆ. ನೋಟು ಸಲೀಸಾಗಿ ಬಂದರೆ ಬಾಗಿಲ ಸುತ್ತಲಿನ ರಬ್ಬರು ಸತ್ತಿದೆ ಎಂದರ್ಥ. ನೋಟು ಬಿಗಿಯಾಗಿ ನಿಂತರೆ ರಬ್ಬರು ಬದುಕಿದೆ, ಕೆಲ್ ಅದನ್ನು ಹರಿಯದಂತೆ ಬಿಡಿಸಿಕೊಂಡು ಮನೆಗೆ ಬರುತ್ತಾನೆ.

ನಮ್ಮದು ಹಳೆಯ ಕಾಲದ ಫ್ರಿಜ್. ಕರೆಂಟಿಗೂ ಸೈ, ಗ್ಯಾಸಿಗೂ ಸೈ. ಗ್ಯಾಸಿಗೆ ಹಾಕಿದರೆ ಹಿಂದೆ ಒಂದು ಪುಟ್ಟ ಬೆಂಕಿ ಉರಿಯುತ್ತದೆ, ಮುಂದೆ ತಣ್ಣಗಾಗುತ್ತದೆ. ಬೆಂಕಿ ಹಚ್ಚಿ ತಂಪು ಮಾಡುವುದು ಹೇಗೆ ಎಂದು ಜನ ಕೇಳುತ್ತಾರೆ. ನಲವತ್ತಾರು ವರ್ಷ ಸಂಸಾರ ಮಾಡಿದ ನನಗೆ ಅದರಲ್ಲಿ ವಿಶೇಷವೇನೂ ಕಂಡಿಲ್ಲ.

ಕಳೆದ ಜನವರಿಯಲ್ಲಿ, ನಮ್ಮ ಕಡೆಯ ನಡುಬೇಸಿಗೆಯಲ್ಲಿ, ಸಮುದ್ರದ ಹತ್ತಿರ ಬೀಡುಬಿಟ್ಟಿದ್ದಾಗ, ಇದೇ ಫ್ರಿಜ್ ಸೆಕೆಯಲ್ಲಿ ಕೈಕೊಟ್ಟಿತ್ತು. ಕ್ರಿಸ್ಮಸ್ಸಿನ ಅರ್ಧ ಹ್ಯಾಮು, ಒಂದು ವಾರದ ಹಾಲು, ಬೆಣ್ಣೆ ಎಲ್ಲ ಕಸದ ಬುಟ್ಟಿ ಸೇರಿತು. ಆಗ ನಾನು ಹೇಳಿದ್ದೆ: "ಕೆಲ್, ಇನ್ನೊಂದು ಸಲ ಹೀಗಾದ್ರೆ ವ್ಯಾನು ಮಾರಿ ಬೆಂಡಿಗೋಗೆ ಹೋಗೋಣ. ಜನೀನ್ ಮನೆ ಪಕ್ಕದ ಬೀದೀಲಿ ಎರಡು ಕೋಣೆ ಮನೆ ಇದೆ."

ಜನೀನ್ ನಮ್ಮ ಮಗಳು. ಆ ಮನೆಯ ಫೋಟೋ ಕಳಿಸಿದ್ದಳು. ಹಿತ್ತಲಲ್ಲಿ ನಿಂಬೆಗಿಡ. ಬಚ್ಚಲುಮನೆ ಮನೆಯ ಒಳಗೇ! ಟವೆಲ್ಲು ಸೋಪು ಹಿಡಿದು ಚಪ್ಪಲಿ ಎಳೆದುಕೊಂಡು ನೂರು ಹೆಜ್ಜೆ ನಡೆಯಬೇಕಿಲ್ಲ.

"ಆಯ್ತು," ಅಂದ ಕೆಲ್. ಕೈಕುಲುಕಿದ. "ಇನ್ನೊಂದು ಸಲ ಆಗಲ್ಲ, ಬಿಡು."

ಅವನ ಆತ್ಮವಿಶ್ವಾಸಕ್ಕೆ ಮಾತ್ರ ಯಾವತ್ತೂ ಕರೆಂಟು ಹೋಗುವುದಿಲ್ಲ.

ನವೆಂಬರ್ ಬಂತು. ಮೊದಲ ಮಂಗಳವಾರ ಮೆಲ್ಬರ್ನ್ ಕಪ್ ಕುದುರೆ ಓಟ. ದೇಶಕ್ಕೆ ದೇಶವೇ ಮೂರು ನಿಮಿಷ ಉಸಿರು ಹಿಡಿಯುತ್ತದೆ, ಅದಕ್ಕೆ ಮೊದಲು ಮೂರು ಗಂಟೆ ತಿನ್ನುತ್ತದೆ. ನಮ್ಮ ಪಾರ್ಕಿನಲ್ಲೂ ಅಷ್ಟೆ. ಹೆಂಗಸರೆಲ್ಲ ಟೋಪಿ ಹಾಕಿಕೊಂಡು ಬರಬೇಕು, ಗಂಡಸರು ಕನಿಷ್ಠ ಅಂಗಿ ಹಾಕಿಕೊಂಡು ಬರಬೇಕು. ಪಾರ್ಕು ನಡೆಸುವ ಗ್ಲೆನಿಸ್ ಯಾರು ಏನು ತರಬೇಕೆಂದು ಚೀಟಿ ಎತ್ತಿಸಿದಳು. ನನಗೆ ಬಂದದ್ದು ಇಪ್ಪತ್ತೆರಡು ಜನಕ್ಕೆ ಬೇಯಿಸಿದ ಸಿಗಡಿ.

"ಮಂಗಳವಾರ ನಲವತ್ಮೂರು ಡಿಗ್ರಿ ಅಂತೆ ಐಲ್ಸಾ," ಎಂದಳು ಗ್ಲೆನಿಸ್. "ನನ್ ಆಫೀಸ್ ಫ್ರಿಜ್ಜಲ್ಲಿ ಬೇಕಾದ್ರೆ ಜಾಗ ಮಾಡ್ಕೊಡ್ತೀನಿ ಕಣೇ."

ನಾನು ಬಾಯಿ ತೆರೆಯುವ ಮೊದಲೇ ಕೆಲ್ ತೆರೆದ. "ಏನೂ ಬೇಡ! ನಮ್ ಫ್ರಿಜ್ ಇಲ್ವಾ? ಸೋಮವಾರ ಸಂಜೆ ಐದಕ್ಕೆ ಐದು ಡಿಗ್ರಿ ಮೇಲಿದ್ರೆ ಮೀನಿನವನಿಗೆ ಫೋನ್ ಮಾಡಿ ಬೇಡ ಅಂತೀನಿ. ವ್ಯಾನಿಗೂ ಬೋರ್ಡ್ ಹಾಕ್ತೀನಿ, ಮಾರಾಟಕ್ಕಿದೆ ಅಂತ."

ಎಲ್ಲರ ಎದುರಿಗೇ ಹೇಳಿದ. ಪಕ್ಕದ ಜಾಗದ ಟೀನೋ ಚಪ್ಪಾಳೆ ತಟ್ಟಿದ. ಟೀನೋನದು ಹೊಚ್ಚಹೊಸ ವ್ಯಾನು, ಹೊಸ ಫ್ರಿಜ್ಜು. ಫ್ರಿಜ್ಜಿನೊಳಗೆ ಒಂದು ತಂತಿ ಬಿಟ್ಟು, ಹೊರಗಡೆ ಪುಟ್ಟ ಗಾಜಿನ ಮೇಲೆ ಡಿಗ್ರಿ ಓದುತ್ತಾನೆ.

"ನಿಂಗೂ ಒಂದು ಕೊಡ್ಲಾ ಕೆಲ್? ನನ್ ಹತ್ರ ಎರಡಿವೆ."

"ತಂತಿ ಹಾಕೋದು ಆಸ್ಪತ್ರೇಲಿ ಮಲಗಿರೋರಿಗೆ. ನನ್ ಫ್ರಿಜ್ಜಿಗೆ ಕಾಯಿಲೆ ಇಲ್ಲ," ಎಂದ ಕೆಲ್. ನಮ್ಮದು ಒಳಗಿನ ಖಾನೆಯಲ್ಲಿ ಕೂತಿರುವ ಮುಳ್ಳಿನ ಥರ್ಮಾಮೀಟರು. ನಮ್ಮ ಮದುವೆಗೆ ಅವನ ಚಿಕ್ಕಮ್ಮ ಕೊಟ್ಟದ್ದು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಶನಿವಾರ ಯುದ್ಧದ ತಯಾರಿ ಶುರುವಾಯಿತು. ನದಿ ದಡದಲ್ಲಿ ನೀಲಗಿರಿ ಜಾತಿಯ ದೊಡ್ಡ ದೊಡ್ಡ ಗಮ್ ಮರಗಳಿವೆ, ನೆರಳೂ ಇದೆ. ಆದರೆ ಬುದ್ಧಿ ಇದ್ದವರು ಅವುಗಳ ಕೆಳಗೆ ವ್ಯಾನು ನಿಲ್ಲಿಸುವುದಿಲ್ಲ. ಗಾಳಿಯೇ ಇಲ್ಲದ ಸೆಕೆಯ ಮಧ್ಯಾಹ್ನ ಆ ಮರ ಸದ್ದಿಲ್ಲದೆ ಒಂದು ಕೊಂಬೆ ಕಳಚಿ ಕೆಳಗೆ ಬಿಡುತ್ತದೆ, ಕೆಳಗಿದ್ದವರು ಮೇಲೆ ಹೋಗುತ್ತಾರೆ. ಆದ್ದರಿಂದ ನೆರಳನ್ನು ನಾವೇ ಮಾಡಿಕೊಳ್ಳಬೇಕು.

ಫ್ರಿಜ್ಜಿನ ಬೆನ್ನು ಇರುವ ಗೋಡೆಗೆ ಸಂಜೆ ಬಿಸಿಲು ಹೊಡೆಯುತ್ತಿತ್ತು. ಕೆಲ್ ಇಡೀ ವ್ಯಾನನ್ನೇ ತಿರುಗಿಸಿ ನಿಲ್ಲಿಸಿದ. ಫ್ರಿಜ್ಜಿನ ಬೆನ್ನು ದಕ್ಷಿಣಕ್ಕಾಯಿತು, ನಮ್ಮ ದೇಶದಲ್ಲಿ ಸೂರ್ಯ ಉತ್ತರಕ್ಕೆ ವಾಲಿ ಸಾಗುವುದರಿಂದ ಬಿಸಿಲು ತಪ್ಪಿತು. ಆದರೆ ನಮ್ಮ ಬಾಗಿಲೂ ಚಪ್ಪರವೂ ಟೀನೋನ ವ್ಯಾನಿನ ಹಿಂಭಾಗಕ್ಕೆ ಮುಖ ಮಾಡಿದವು. ಕೂತರೆ ಕಾಣುವುದು ನದಿಯಲ್ಲ, ಟೀನೋ ಒಣಹಾಕಿದ ಚಡ್ಡಿಗಳು.

"ಒಳ್ಳೇ ನೋಟ ಐಲ್ಸಾ!" ಎಂದು ಟೀನೋ ಕೂಗಿದ.

"ಹಳೇ ನೋಟ ಕಣೋ. ಎರಡು ತೂತಿದೆ, ಹೊಲಿಸ್ಕೋ," ಎಂದೆ.

ಕೆಲ್ ಹೊರಗೋಡೆಯ ಜಾಲರಿ ಬಿಚ್ಚಿದ. ಹೊಗೆ ಕೊಳವೆಯ ಬಾಯಲ್ಲಿ ಕಣಜದ ಹುಳುವೊಂದು ಮಣ್ಣಿನ ಮನೆ ಕಟ್ಟಿತ್ತು, ಅದನ್ನು ಬಿಡಿಸಿದ. ಮೇಲಿನ ಕಿಂಡಿಗೆ ಹಳೆಯ ಕಂಪ್ಯೂಟರಿನ ಎರಡು ಫ್ಯಾನ್ ಕೂರಿಸಿದ, ಬಿಸಿಗಾಳಿಯನ್ನು ಎಳೆದು ಹೊರಗೆ ಹಾಕಲಿಕ್ಕೆ. ಗಾಳಿ ಬಂದಾಗ ತೂರಿಕೋ ಎನ್ನುತ್ತದೆ ಗಾದೆ, ಗಾಳಿ ಬಾರದಾಗ ತೂರಿಸಿಕೋ ಎನ್ನುತ್ತಾನೆ ಕೆಲ್. ಗೋಡೆಗೆ ಒಂದು ಮೊಳ ದೂರದಲ್ಲಿ ಶೇಡ್ ನೆಟ್ ಕಟ್ಟಿದ. ಗೋಡೆಗೆ ಅಂಟಿಸಿ ಕಟ್ಟಿದರೆ ಅದು ನೆರಳಲ್ಲ, ಕಂಬಳಿ. ಒಳಗೆ ನೀರಿನ ಬಾಟಲಿಗಳನ್ನು ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟು ಜೋಡಿಸಿದ. ಭಾನುವಾರವಿಡೀ ಕರೆಂಟಿನಲ್ಲಿ ಓಡಲು ಬಿಟ್ಟು, ತಾನು ಊರಮನೆ ಫ್ರಿಜ್ಜುಗಳ ನಾಡಿ ನೋಡಲು ಹೋದ.

ಹೇಳಬೇಕಾದ್ದು ಹೇಳಬೇಕು. ಅವನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ಮುಳ್ಳು ಎರಡರ ಮೇಲೆ ನಿಂತಿತ್ತು.

ಸುದ್ದಿ ಪಾರ್ಕಿಗೆಲ್ಲ ಹರಡಿತು, ಅಂದರೆ ಕೆಲ್ ಹರಡಿದ. ಜನ ಬರತೊಡಗಿದರು.

"ಎಷ್ಟಿದೆ ಕೆಲ್?"

"ಎರಡು! ನೋಡ್ತೀಯಾ? ಬಾ, ಕಣ್ಣಾರೆ ನೋಡು." ಬಾಗಿಲು ತೆರೆಯಿತು. "ಕೈ ಇಡು ಒಳಗೆ. ಹ್ಞಾ, ಹೇಗಿದೆ? ಇಲ್ಲಿ ಬಾಟಲಿ ಮಧ್ಯೆ ಜಾಗ ಬಿಟ್ಟಿದೀನಲ್ಲ, ಯಾಕೆ ಹೇಳು?" ಪಾಠ ಮುಗಿಯಿತು, ಬಾಗಿಲು ಠಪ್ಪೆಂದು ಮುಚ್ಚಿತು. ಬಾಯಿ ಮಾತ್ರ ತೆರೆದೇ ಇತ್ತು.

ನಾನು ಚಪ್ಪರದ ಕೆಳಗೆ ಕೂತು ಕಪ್ ದಿನದ ಟೋಪಿಗೆ ಕೆಂಪು ಮಣಿ ಹೊಲಿಯುತ್ತಿದ್ದೆ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಅಡುಗೆಮನೆ ನಡೆಸಿದವಳು ನಾನು. ಅಲ್ಲಿ ಬೇಸಿಗೆ ಬಂದರೆ ಶೀತಲಕೋಣೆಯ ಬಾಗಿಲ ಪಕ್ಕ ಸೀಮೆಸುಣ್ಣ ತೂಗುಹಾಕುತ್ತಿದ್ದೆ. ಯಾರು ಬಾಗಿಲು ತೆಗೆದರೂ ಒಂದು ಗೆರೆ ಎಳೆಯಬೇಕು. ಗೆರೆ ಜಾಸ್ತಿಯಾದ ದಿನ, ಕೋಣೆ ಬಿಸಿಯಾಗುವ ಮೊದಲು ಹುಡುಗಿಯರ ಕಿವಿ ಬಿಸಿ ಮಾಡುತ್ತಿದ್ದೆ. ಆ ಚಾಳಿ ಬಿಟ್ಟಿಲ್ಲ. ಸೀಮೆಸುಣ್ಣದ ಬದಲು ಮಣಿ ಇತ್ತು. ಒಂದು ಠಪ್ಪಿಗೆ ಒಂದು ಮಣಿ.

ಹನ್ನೆರಡನೆಯ ಮಣಿ ಹೊಲಿಯುವಾಗ ನನಗೆ ಎಲ್ಲ ಗೊತ್ತಾಗಿಹೋಯಿತು. ಜನವರಿಯ ಕಥೆಯೂ ಅದೇ. ಆಗ ಕೆಲ್ ಕಾಲು ಉಳುಕಿಸಿಕೊಂಡು ಹತ್ತು ದಿನ ಫ್ರಿಜ್ಜಿನ ಎದುರೇ ಕೂತಿದ್ದ. ಊರವರ ಫ್ರಿಜ್ ನೋಡಲು ಹೋದ ದಿನಗಳಲ್ಲಿ ನಮ್ಮದು ತಣ್ಣಗಿರುತ್ತದೆ. ಅವನು ಮನೆಯಲ್ಲಿದ್ದರೆ ಅದಕ್ಕೆ ಜ್ವರ.

ಗೊತ್ತಾಯಿತು, ಆದರೆ ಹೇಳಲಿಲ್ಲ. ನನ್ನ ಎದುರು ಟೀನೋನ ಚಡ್ಡಿಗಳು ಹಾರಾಡುತ್ತಿದ್ದವು. ಕಣ್ಣು ಮುಚ್ಚಿದರೆ ನಿಂಬೆಗಿಡ ಕಾಣುತ್ತಿತ್ತು. ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಹೊಲಿಯುತ್ತ ಕೂತರೆ ಮನೆ ತಾನಾಗಿ ಬರುತ್ತಿತ್ತು.

ಹನ್ನೊಂದಕ್ಕೆ ಮುಳ್ಳು ಐದು. ಒಂದಕ್ಕೆ ಏಳು. ಈಗ ಕೆಲ್ ಐದೈದು ನಿಮಿಷಕ್ಕೆ ತೆಗೆದು ನೋಡತೊಡಗಿದ. ರಸಮಟ್ಟ ಇಟ್ಟ, ತೆಗೆದ, ಮತ್ತೆ ಇಟ್ಟ. ಹೊರಗೆ ಹೋಗಿ ನೆಲದ ಮೇಲೆ ಮಲಗಿ ಜಾಲರಿಯೊಳಗೆ ಇಣುಕಿದ. ಮೂರನೆಯ ಫ್ಯಾನ್ ಹಾಕಿದ.

"ಕರೆಂಟು ಕಮ್ಮಿ ಬರ್ತಿದೆ," ಎಂದ.

"ನನ್ ಕಡೆ ಸರಿಯಾಗಿದೆಯಲ್ಲ ಗುರು," ಎಂದ ಟೀನೋ.

"ನಿನ್ ಕಡೆ ತಂತಿ ಇದೆ, ತಲೆ ಇಲ್ಲ. ಸುಮ್ನಿರು."

ಸಂಜೆ ಐದಕ್ಕೆ ಮುಳ್ಳು ಹನ್ನೊಂದು. ಟೋಪಿಯ ಮೇಲೆ ನಲವತ್ತೇಳು ಮಣಿ. ಸುತ್ತು ತುಂಬಿ, ಎರಡನೆಯ ಸಾಲೂ ಮುಗಿಯುತ್ತ ಬಂದಿತ್ತು.

ಕೆಲ್ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಫೋನು ತೊಡೆಯ ಮೇಲಿತ್ತು. ರಸಮಟ್ಟ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ನಲವತ್ತಾರು ವರ್ಷದಲ್ಲಿ ಅವನು ಅದನ್ನು ಕೆಳಗಿಟ್ಟದ್ದು ಸ್ನಾನಕ್ಕೆ ಮಾತ್ರ.

"ಎಲ್ಲಾ ಸರಿಯಾಗೇ ಮಾಡಿದ್ದೆ ಐಲ್ಸಾ," ಎಂದ. "ಏನ್ ತಪ್ಪಾಯ್ತೋ ಗೊತ್ತಾಗ್ತಿಲ್ಲ. ನಂಗೆ ವಯಸ್ಸಾಯ್ತು ಅನ್ಸುತ್ತೆ. ಮೀನಿನವನಿಗೆ ಹೇಳಿಬಿಡ್ತೀನಿ. ಆಮೇಲೆ ಜನೀನ್‌ಗೆ."

ಅವನು ಜಗಳವಾಡಿದ್ದರೆ, ಕರೆಂಟಿನವರನ್ನು ಬೈದಿದ್ದರೆ, ನಾನು ಸುಮ್ಮನೆ ಇರುತ್ತಿದ್ದೆನೋ ಏನೋ. ಆದರೆ ಹಾಳಾಗುತ್ತಿರುವುದನ್ನು ನೋಡುತ್ತ ಕೂರುವ ಕೆಲಸ ಇಪ್ಪತ್ತಾರು ವರ್ಷ ನಾನು ಮಾಡಿದವಳಲ್ಲ. ಹಾಲಾಗಲಿ, ಗಂಡನಾಗಲಿ.

ಟೋಪಿಯನ್ನು ಅವನ ಮಡಿಲಿಗೆ ಹಾಕಿದೆ. "ಫೋನ್ ಕೆಳಗಿಡು. ಮಣಿ ಎಣಿಸು."

ಎಣಿಸಿದ. "ನಲವತ್ತೇಳು. ಚೆನ್ನಾಗಿದೆ. ಯಾಕೆ?"

"ಇವತ್ತು ಬೆಳಿಗ್ಗೆಯಿಂದ ನೀನು ಫ್ರಿಜ್ ಬಾಗಿಲು ತೆಗೆದಿದ್ದು ನಲವತ್ತೇಳು ಸಲ. ಒಳಗೆ ಬಂದ ಬಿಸಿಗಾಳೀನ ತಣ್ಣಗೆ ಮಾಡೋಕೆ ಅದಕ್ಕೆ ಪುರುಸೊತ್ತೆಲ್ಲಿ ಕೊಟ್ಟೆ ಮಾರಾಯ? ನಿನ್ ಫ್ಯಾನು ಸರಿ, ನೆಟ್ಟು ಸರಿ, ಮಟ್ಟ ಸರಿ. ಮಧ್ಯೆ ನೀನೊಬ್ಬ ಬಿಸಿ."

ಕೆಲ್ ಟೋಪಿ ನೋಡಿದ. ಫ್ರಿಜ್ ನೋಡಿದ. ಕಿವಿ ಮಣಿಗಳ ಬಣ್ಣಕ್ಕೆ ತಿರುಗಿತು.

"ನಾಳೆ ಬೆಳಿಗ್ಗೆ ಏಳಕ್ಕೆ ನಾನೇ ತೆಗೀತೀನಿ," ಎಂದೆ. "ಅಲ್ಲೀವರೆಗೆ ಯಾರೂ ಮುಟ್ಟಂಗಿಲ್ಲ. ಟೀ ಬೇಕಾದ್ರೆ ಹಾಲಿಲ್ದೆ ಕುಡಿ."

ನನ್ನ ಗೌನಿನ ಬೆಲ್ಟು ತಂದು ಫ್ರಿಜ್ ಬಾಗಿಲ ಹಿಡಿಗೆ ಎರಡು ಗಂಟು ಹಾಕಿದೆ. ಹಾಲಿಲ್ಲದ ಟೀ ಕುಡಿಯುತ್ತ ನಮ್ಮ ವ್ಯಾನಿನಲ್ಲಿ ಅವತ್ತು ಶೀತಲ ಸಮರ ನಡೆಸಿದೆವು, ಶೀತಲವಾದದ್ದು ಫ್ರಿಜ್ ಮಾತ್ರ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಗಂಟು ಬಿಚ್ಚಿದೆ. ಒಂದು ಡಿಗ್ರಿ. ಮುಳ್ಳನ್ನು ಓದಿ, ಬಾಗಿಲು ಮುಚ್ಚಿ, ಹೊರಗೆ ಬಂದು ಒಂದು ಬೆರಳು ಎತ್ತಿ ತೋರಿಸಿದೆ. ಕೆಲ್ ಎದ್ದು ನಿಂತ.

"ನಾನೊಂದ್ಸಲ..."

"ಕೂತ್ಕೋ."

ಎಂಟಕ್ಕೆ ಮೀನಿನ ವ್ಯಾನು ಬಂತು. ಸಿಗಡಿಯನ್ನು ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಒಂದೇ ಸಲಕ್ಕೆ ಒಳಗಿಟ್ಟೆ. ಮತ್ತೆ ಗಂಟು. ಟೋಪಿ ಹಾಕಿಕೊಂಡು, ಫ್ರಿಜ್ಜಿಗೆ ಬೆನ್ನು ಕೊಟ್ಟು, ಕೈಲೊಂದು ಬೀಸಣಿಗೆ ಹಿಡಿದು ಕೂತೆ. ಗ್ಲೆನಿಸ್ ಕಿಟಕಿಯಲ್ಲಿ ಇಣುಕಿದಳು.

"ಎಷ್ಟಿದೆ ಐಲ್ಸಾ? ತೋರ್ಸೇ."

"ಊಟಕ್ಕೆ ಬಾ, ನಾಲಿಗೆ ಮೇಲಿಟ್ಟು ನೋಡು."

ಹನ್ನೆರಡಕ್ಕೆ ನೆರಳಿನಲ್ಲೇ ನಲವತ್ತೆರಡು. ಕೆಲ್ ಎಲ್ಲಿ ಎಂದು ನೋಡಿದರೆ ನದಿಯಲ್ಲಿ ಕುತ್ತಿಗೆಯವರೆಗೆ ಕೂತಿದ್ದ. ತಲೆಯಷ್ಟೇ ನಮ್ಮ ವ್ಯಾನಿನ ಕಡೆ ತಿರುಗಿತ್ತು.

ಒಂದೂವರೆಗೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತರು. ನಾನು ಗಂಟು ಬಿಚ್ಚಿದೆ. ನಾಲ್ಕು ಡಿಗ್ರಿ. ತಟ್ಟೆಗಳು ಹೊರಬಂದಾಗ ಅಂಚಿನಲ್ಲಿ ಮಂಜಿನ ಹನಿ ಕೂತಿತ್ತು. ಟೀನೋ ಒಂದು ಸಿಗಡಿ ಸುಲಿದು ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ.

"ಹಲ್ಲು ಜುಮ್ಮಂತು ಗುರು! ಗುಟ್ಟೇನು?"

ಎಲ್ಲರೂ ಕೆಲ್ ಕಡೆ ನೋಡಿದರು. ಕೆಲ್ ಬಾಯಿ ತೆರೆದ, ನನ್ನ ಟೋಪಿ ನೋಡಿದ, ಅರ್ಧ ಮುಚ್ಚಿದ. "ಫ್ಯಾನು ಮುಖ್ಯ," ಎಂದ. ಒಂದು ಸಿಗಡಿ ಸುಲಿದು, "ಹೆಂಡತಿ ಅದಕ್ಕಿಂತ," ಎಂದ. ಆಮೇಲೆ ಕುದುರೆ ಓಡಿತು. ನಮ್ಮ ಮೇಜಿನವರು ಕೂಗಿದ ಕುದುರೆ ಒಂದೂ ಗೆಲ್ಲಲಿಲ್ಲ.

ಜನ ಹೋದ ಮೇಲೆ ಕೆಲ್ ಸಿಗಡಿ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತುತ್ತ ಕೇಳಿದ: "ನಿಂಗೆ ನಿನ್ನೆ ಬೆಳಿಗ್ಗೇನೇ ಗೊತ್ತಾಗಿತ್ತು, ಅಲ್ವಾ?"

"ಹನ್ನೆರಡನೇ ಮಣಿಗೆ."

"ಸುಮ್ನಿದ್ದಿದ್ರೆ ಮನೆ ನಿಂದಾಗ್ತಿತ್ತಲ್ಲೇ."

"ಸುಮ್ನಿದ್ದೆ ಕೂಡ, ಆಮೇಲಿನ ಮೂವತ್ತೈದು ಮಣಿ ಹೊಲಿಯೋವರೆಗೂ. ಆ ಮನೆ ನಂಗೆ ಈಗ್ಲೂ ಬೇಕು ಕೆಲ್. ನಿಂಬೆಗಿಡ ಬೇಕು. ಆದ್ರೆ ಬೇಕು ಅಂತ ಮುಖ ನೋಡಿ ಕೇಳ್ತೀನಿ, ಸಿಗಡಿ ಕೊಳೆಸಿ ತಗೊಳಲ್ಲ. ಇಗೋ, ಕೇಳಿದೆ."

ಅವನು ಪೊಟ್ಟಣಕ್ಕೆ ದಾರ ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ. ನದಿಯ ಮೇಲೆ ಕಾಕಟೂ ಹಕ್ಕಿಗಳ ದೊಡ್ಡ ಹಿಂಡು ಕಿರುಚಿಕೊಂಡು ಹೋಯಿತು.

"ಆ ಮನೆ ಅಡುಗೆಕೋಣೆ ಯಾವ ದಿಕ್ಕಿಗಿದೆ?" ಎಂದ ಕೊನೆಗೆ. "ಫ್ರಿಜ್ ಇಡೋ ಗೋಡೆಗೆ ಪಶ್ಚಿಮದ ಬಿಸಿಲು ಬೀಳುತ್ತಾ?"

"ಹೋಗಿ ನೋಡೋಣ. ಚಳಿಗಾಲದಲ್ಲಿ."

"ಬೇಡ. ಫ್ರಿಜ್ ನೋಡೋದಾದ್ರೆ ಬೇಸಿಗೇಲೇ ನೋಡ್ಬೇಕು. ಜನವರಿಗೆ ಹೋಗೋಣ. ರಸಮಟ್ಟ ತರ್ತೀನಿ."

ನಿನ್ನೆಯಿಂದ ಮೇಜಿನ ಮೇಲೇ ಇದ್ದ ರಸಮಟ್ಟವನ್ನು ಎತ್ತಿ ಜೇಬಿಗಿಟ್ಟುಕೊಂಡ. ಕಸದ ಲಾರಿ ಬರುವುದು ಗುರುವಾರ. ಅಲ್ಲಿಯವರೆಗೆ ಸಿಗಡಿ ಸಿಪ್ಪೆಯನ್ನು ಹೊರಗಿಟ್ಟರೆ ಪಾರ್ಕು ಖಾಲಿಯಾಗುತ್ತದೆ, ಅದಕ್ಕೇ ಇಲ್ಲಿ ಎಲ್ಲರೂ ಅದನ್ನು ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಡುತ್ತಾರೆ. ಕೆಲ್ ಪೊಟ್ಟಣ ಹಿಡಿದು ಫ್ರಿಜ್ಜಿನ ಎದುರು ನಿಂತ. ಕೈ ಹಿಡಿಯವರೆಗೂ ಹೋಗಿ ನಿಂತಿತು.

"ತೆಗೀಲಾ?" ಎಂದ.

ನಾನು ಟೋಪಿ ಕಳಚಿ, ಸೂಜಿಗೆ ದಾರ ಪೋಣಿಸಿದೆ. "ತೆಗಿ."