ಲೋಟದ ಮೇಲಿನ ಹೆಸರು

ಬಿಸಿಲು ಲೋಟದ ಕಂಠಕ್ಕೆ ಬಿದ್ದು ಕಣ್ಣಿಗೆ ಚುಚ್ಚಿತು, ಪಂಕಜಾಕ್ಷಿ ಮುಖ ತಿರುಗಿಸಿದಳು, ಆದರೂ ಕಣ್ಣು ಮತ್ತೆ ಅಲ್ಲಿಗೇ – ಬೂದಿ ಹಾಕಿ ಉಜ್ಜಿದರೆ ಇಷ್ಟು ಹೊಳೆಯಬೇಕೆ, ಇಷ್ಟು ವರ್ಷ ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿದ್ದಿದ್ದವು, ಹಾಗೇ ಬಿದ್ದಿರಬಾರದಿತ್ತೆ, ಇಳಿಸಿದವಳು ವಾರಗಿತ್ತಿ ಸ್ಫೂರ್ತಿ, ಅವಳಿಗೇನು ಗೊತ್ತು, ಮೊನ್ನೆ ಮೊನ್ನೆ ಈ ಮನೆಗೆ ಬಂದವಳು, ಮಗ ದುಶ್ಯಂತನ ಮೊದಲ ಹುಟ್ಟುಹಬ್ಬಕ್ಕೆ ಮನೆಯಲ್ಲಿ ಒಂದು ಚೂರೂ ಪ್ಲಾಸ್ಟಿಕ್ ಕಾಣಬಾರದು ಎಂದು ಹಟ ಹಿಡಿದವಳು, ಬಲೂನು ಬೇಡ, ಫ್ಲೆಕ್ಸ್ ಬೇಡ, ಥರ್ಮೋಕೋಲ್ ಬೇಡ, ಹಳೆ ಸೀರೆ ಹರಿದು ತೋರಣ ಕಟ್ಟಿದ್ದಾಳೆ, ತರೀಕೆರೆಯಿಂದ ಅಡಿಕೆ ಹಾಳೆಯ ತಟ್ಟೆ ಬಸ್ಸಿನಲ್ಲಿ ಬಂದಿವೆ, ಪೇಪರ್ ಲೋಟಕ್ಕೂ ಒಳಗಡೆ ಪ್ಲಾಸ್ಟಿಕ್ ಬಳಿದಿರ್ತಾರಂತೆ ಕಣಕ್ಕ, ಅಟ್ಟದ್ಮೇಲೆ ಚೀಲದ ತುಂಬ ಸ್ಟೀಲ್ ಲೋಟ ಇಟ್ಕೊಂಡು ಅದನ್ಯಾಕೆ ತರ್ಸೋದು – ಸರಿಯಾದ ಮಾತೇ. ಅತ್ತೆ ತೀರ್ಥಮ್ಮನಿಗಂತೂ ನಗು, ನಮ್ ಕಾಲ್ದಲ್ಲಿ ಮಾಡ್ತಿದ್ದದ್ದೇ ಇದು, ಇವ್ಳೇನೋ ಹೊಸ್ದಾಗಿ ಕಂಡ್ಹಿಡ್ದಂಗೆ ಆಡ್ತಾಳೆ ನೋಡು, ಎಂದು ಬಂದವರ ಮುಂದೆಲ್ಲ ಆಡಿಕೊಂಡರು, ಆದರೆ ಚೀಲ ಕೆಳಗಿಳಿದ ಗಳಿಗೆಯಲ್ಲಿ ಅದೇ ಅತ್ತೆ ಮುಖ ತಿರುಗಿಸಿ ಒಳಗೆ ನಡೆದದ್ದನ್ನು ಪಂಕಜಾಕ್ಷಿ ಕಂಡಿದ್ದಳು. ಸ್ಫೂರ್ತಿ ಹೆಸರು ನೋಡಿರಬೇಕು, ನೋಡಿದರೂ ಓದಿರಲಿಕ್ಕಿಲ್ಲ, ಪಾತ್ರೆಯ ಮೇಲಿನ ಹೆಸರನ್ನು ಯಾರು ಓದುತ್ತಾರೆ, ಯಾರ ಮದುವೆಯದೋ, ಯಾರ ಗೃಹಪ್ರವೇಶದ್ದೋ, ಯಾರದೋ ಹೆಸರಿನಲ್ಲಿ ಯಾರೋ ನೀರು ಕುಡಿಯುತ್ತಾರೆ, ಅಷ್ಟೆ. ಅಮೂಲ್ಯಾ. ಚುಕ್ಕಿ ಚುಕ್ಕಿಯಾಗಿ, ಕಂಠದ ಕೆಳಗೆ.

ಆ ಹೆಸರು ಹಾಕಿಸಿಕೊಂಡು ಬಂದವನು ಗಂಡ ಕಲ್ಲೇಶನೇ, ತರೀಕೆರೆಯ ಪಾತ್ರೆ ಅಂಗಡಿಯಲ್ಲಿ, ಮಿಷನ್ನು ಕೊರ್ ಎನ್ನುತ್ತಿದ್ದರೆ ಇವನು ಎದುರಿಗೇ ಕೂತಿದ್ದನಂತೆ, ತೊಟ್ಟಿಲಿಗೆ ಹಾಕುವ ದಿನ ಬಂದವರಿಗೆಲ್ಲ ಒಂದೊಂದು ಲೋಟ ಕೊಡಬೇಕು, ತಡೀರಿ, ಹೆಸ್ರಿಟ್ಮೇಲೆ ಹಾಕ್ಸಿದ್ರಾಯ್ತು ಎಂದು ಪಂಕಜಾಕ್ಷಿ ಅಂದರೆ ಎಲ್ಲಿಯ ತಾಳ್ಮೆ, ಹೆಣ್ಣು ಮಗು ಎಂದು ತಮ್ಮೂರು ಯಗಟಿಯ ಮನೆಮನೆಗೂ ಪೇಡ ಹಂಚಿ ಬಂದವನು – ಆ ದಿನ ಬರುವ ಮೊದಲೇ ಮಗುವಿನ ಮೈ ಸುಡುತ್ತಿತ್ತು, ಕಡೂರಿನ ಡಾಕ್ಟರು ಶಿವಮೊಗ್ಗಕ್ಕೆ ಕರ್ಕೊಂಡ್ಹೋಗಿ ಎಂದರು, ಆಂಬುಲೆನ್ಸು ತರೀಕೆರೆ ದಾಟುತ್ತಿದೆ, ಮಡಿಲು ತಣ್ಣಗಾಗುತ್ತಿದೆ, ಅವಳು ಕೂಸಿನ ಕಿವಿಗೆ ಬಾಯಿ ತಂದಳು, ಒಂದು ಸಲ ಹೆಸರು ಹೇಳಿಬಿಡುತ್ತೇನೆ, ಅಷ್ಟರಲ್ಲಿ ಅತ್ತೆ ಭುಜ ಹಿಡಿದು, ಬ್ಯಾಡ ಕಣವ್ವ, ತೊಟ್ಲಿಗೆ ಹಾಕ್ದೆ ಹೆಸ್ರು ಕರೀಬಾರ್ದು. ಕರೆಯಲಿಲ್ಲ. ಯಾರೂ ಕರೆಯಲಿಲ್ಲ. ತೆಂಗಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದರು, ಕಲ್ಲೇಶ ಚೀಲದ ಬಾಯಿ ಹೊಲಿದು ಅಟ್ಟಕ್ಕೆ ಎಸೆದ, ಆಮೇಲೆ ಆ ಮಾತಿಲ್ಲ, ಆಮೇಲೆ ಅವಳಿಗೆ ಮಕ್ಕಳೂ ಆಗಲಿಲ್ಲ, ಇವನು ಮರೆತೇಬಿಟ್ಟನೇ, ಉಂಡು ತಿಂದು ಓಡಾಡಿಕೊಂಡಿದ್ದಾನೆ, ಗಂಡಸರಿಗೆ ಮರೆಯುವುದು ಸುಲಭವಿರಬೇಕು, ಎಂದು ಅವಳಿಗೆ ಎಷ್ಟೋ ಸಲ ಹೊಟ್ಟೆ ಉರಿದಿದೆ. ಹೆಚ್ಚೇನೂ ಬೇಡವಾಗಿತ್ತು, ಈ ಮನೆಯೊಳಗೆ ಒಂದು ಸಲ ಯಾರಾದರೂ ಬಾಯಿಬಿಟ್ಟು ಆ ಹೆಸರು ಹೇಳಿದ್ದರೆ ಸಾಕಿತ್ತು, ಸತ್ತುಹೋದ ಮಗಳಾಗಿಯಾದರೂ ಇರುತ್ತಿದ್ದಳು, ಹುಟ್ಟೇ ಇಲ್ಲ ಎಂಬಂತೆ ಆಗುತ್ತಿರಲಿಲ್ಲ.

ಈಗ ಪಡಸಾಲೆಯ ತುಂಬ ಜನ, ಎಲ್ಲರ ಕೈಯಲ್ಲೂ ಅಮೂಲ್ಯಾ, ಅಲ್ಲಿ ಕಲ್ಲೇಶ ಜಗ್ಗಿನಿಂದ ಬೇಲದ ಹಣ್ಣಿನ ಪಾನಕ ಬಗ್ಗಿಸಿ ಬಗ್ಗಿಸಿ ಕೊಡುತ್ತಿದ್ದಾನೆ, ಕುಡಿದು ಜಗುಲಿಯ ಮೇಲೆ ಇಟ್ಟ ಅಮೂಲ್ಯಾ, ನೊಣ ಕೂತ ಅಮೂಲ್ಯಾ, ಯಾರೂ ಓದದಿರಲಿ ಎನ್ನುತ್ತದೆ ಎದೆ, ಯಾರಾದರೂ ಓದಲಿ ಎನ್ನುತ್ತದೆ ಅದೇ ಎದೆ, ಹಾಳಾದ್ದು – ಸಿಂಗಟಗೆರೆಯಿಂದ ಬಂದ ಸ್ಫೂರ್ತಿಯ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಲೋಟ ತಿರುಗಿಸುತ್ತಿದ್ದಾರೆ, ಅ, ಮೂ, ಲ್ಯಾ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಪಂಕಜಾಕ್ಷಿಗೆ ಮೈಯೆಲ್ಲ ಕಿವಿ, ಎದೆಹಾಲು ಇಳಿದಂತೆ ಒಂದು ನೋವು, ಲೋಟ ತೂಕವಾಗೈತೆ ಕಣಮ್ಮ, ಅಮೂಲ್ಯಾ ಅನ್ನೋದು ಯಾವೂರ್ ಕಂಪ್ನಿ? ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಹೇಳು, ಈಗ ಹೇಳಿಬಿಡು, ಕಂಪ್ನಿ ಅಲ್ಲ ಕಣ್ರೀ, ನನ್ನ ಮಗಳು – ಆದರೆ ಶುಭದ ದಿನ, ಬಾಗಿಲಲ್ಲಿ ತೋರಣ, ಸ್ಫೂರ್ತಿಯ ಸೊಂಟದ ಮೇಲೆ ದುಶ್ಯಂತ ಬೆಲ್ಲ ಮೆತ್ತಿಕೊಂಡು ನಗುತ್ತಿದ್ದಾನೆ, ಅವಳ ಮುಖವೂ ನಗುತ್ತಿದೆ, ಆ ಮುಖ ಬಾಡುವುದನ್ನು ನೋಡಲಾರೆ – ಹೂಂ ಕಣ್ರೀ, ಕಂಪ್ನಿ ಹೆಸ್ರು, ಈಗ ಆ ಕಂಪ್ನಿ ಇಲ್ಲ. ಯಾರು ಅಂದದ್ದು, ಅವಳೇ, ಅವಳದೇ ನಾಲಿಗೆ, ಹೆತ್ತವಳೇ ಹಾಗೆ ಅಂದಮೇಲೆ ಇನ್ನು ಯಾರಿಗೆ ಏನು ಅನ್ನುವುದು, ತಲೆ ತಗ್ಗಿಸಿ ಸೆರಗು ಹುಡುಕುತ್ತಾಳೆ, ಅಲ್ಲಿ ಪಕ್ಕದ ಮನೆಯ ಉಗ್ರಪ್ಪನ ನಗು, ಕೊಡು ಕಲ್ಲೇಶಣ್ಣ, ಏನ್ ಹಂಗ್ ನಿಂತ್ಬಿಟ್ಟೆ, ತಲೆ ಎತ್ತಿದರೆ ಉಗ್ರಪ್ಪ ಕೈ ಚಾಚಿಕೊಂಡಿದ್ದಾನೆ, ಪಾನಕ ಕಂಠ ಮೀರಿ ಕಲ್ಲೇಶನ ಮುಂಗೈ ಮೇಲೆ ಇಳಿಯುತ್ತಿದೆ, ನೆಲಕ್ಕೆ ಸುರಿಯುತ್ತಿದೆ, ಅವನು ನೋಡುತ್ತಿರುವುದು ಪಂಕಜಾಕ್ಷಿಯನ್ನೇ, ಕೊಡಪ್ಪ ಸಾಕು, ಉಗ್ರಪ್ಪ ಲೋಟ ಹಿಡಿದು ಎಳೆಯುತ್ತಿದ್ದಾನೆ, ಕಲ್ಲೇಶ ಬಿಡುತ್ತಿಲ್ಲ, ಹೆಬ್ಬೆರಳು ಹೆಸರಿನ ಮೇಲೆ, ಒತ್ತಿ ಒತ್ತಿ ಉಗುರು ಬೆಳ್ಳಗಾಗಿದೆ, ಕೊಡೋ, ಹೆಬ್ಬೆರಳು ಏಳುತ್ತಿಲ್ಲ, ಹೆಸರಿನ ಮೇಲೆ ಹೆಬ್ಬೆರಳು, ಹೆಬ್ಬೆರಳು –