ಕೆಳಗಿನ ಸಾಲಿನ ಎಡಮೂಲೆ

"ಇವತ್ತೇ ಕೊಳ್ಳಿ, ಅರ್ಧ ಬೆಲೆ!" ಎಂದು ಫೋನು ಕೂಗಿತು. ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದ ಲಿಫ್ಟ್ ಮೆಕ್ಯಾನಿಕ್ ಕಣ್ಣು ಬಿಡದೆಯೇ, "ಆಟ ಸಾಕು ಕಣಮ್ಮ, ತಲೆ ಸಿಡೀತಿದೆ," ಎಂದ. ಪಕ್ಕದಲ್ಲಿ ಫೋನು ಹಿಡಿದಿದ್ದ ಚೂಟಿ, ಅವನ ಮಗಳು, ಮತ್ತೆ ಒತ್ತಿದಳು. ಮತ್ತೆ ಅರ್ಧ ಬೆಲೆ. ಅವನ ತೋಳು ಜಗ್ಗಿ ಇನ್ನೊಮ್ಮೆ ಒತ್ತಿದಳು. ಅವನು ಕಣ್ಣು ಬಿಡುವಷ್ಟರಲ್ಲಿ ಅವಳ ಫ್ರಾಕು ಒದ್ದೆಯಾಗಿ, ಸೀಟಿನಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು.

"ಇಷ್ಟೆತ್ತರ ಬೆಳೆದಿದಾಳೆ, ಬಾಯಿಬಿಟ್ಟು ಹೇಳೋಕೇನಾಗಿತ್ತು?" ಹಿಂದಿನ ಸೀಟಿನ ಹೆಂಗಸು ಕಾಲ ಬಳಿಯ ಚೀಲ ಎತ್ತಿಕೊಳ್ಳುತ್ತಾ ಗೊಣಗಿದಳು.

ಹೇಳಿದ್ದಳು. ಮತ್ತೆ ಮತ್ತೆ ಹೇಳಿದ್ದಳು.

ಚೂಟಿಗೆ ಮಾತು ಬಾರದು. ಅವಳ ಬಾಯಿಯೆಂದರೆ ಆ ಫೋನಿನ ಹೋಮ್ ಸ್ಕ್ರೀನು. ಲೋಟದ ಚಿತ್ರ ಒತ್ತಿದರೆ ನೀರು ಬೇಕು, ಕೆಳಗಿನ ಸಾಲಿನ ಎಡಮೂಲೆಯ ಬಾಗಿಲಿನ ಚಿತ್ರ ಒತ್ತಿದರೆ ಬಾತ್‌ರೂಮಿಗೆ ಹೋಗಬೇಕು. ಎಲ್ಲ ಅಪ್ಪನೇ ತನ್ನ ದನಿಯಲ್ಲಿ ತುಂಬಿಸಿಟ್ಟದ್ದು. ಅವಳು ಚಿತ್ರ ನೋಡುತ್ತಲೂ ಇರಲಿಲ್ಲ. ಕತ್ತಲಲ್ಲಿ ಸ್ವಿಚ್ಚಿಗೆ ಹೋಗುವ ಕೈಯಂತೆ ಬೆರಳಿಗೆ ಜಾಗ ಗೊತ್ತಿತ್ತು. ಅಷ್ಟು ಕಲಿಯಲು ಅಪ್ಪ ಮಗಳು ಒಂದು ವರ್ಷ ಒದ್ದಾಡಿದ್ದರು. ನಿನ್ನೆ ಚಾರ್ಜಿಗೆ ಹಾಕಿದ್ದಾಗ ಫೋನು ತಾನಾಗಿಯೇ ಅಪ್‌ಡೇಟ್ ಆಗಿ, ಕೆಳಗಿನ ಸಾಲಿನಲ್ಲಿ 'ನಿಮಗಾಗಿ' ಎಂದುಕೊಂಡು ಅಂಗಡಿಗಳೂ ಆಟಗಳೂ ಬಂದು ಕೂತಿದ್ದವು. ಅವಳ ಮಾತುಗಳೆಲ್ಲ ಹಿಂದಿನ ಪುಟದಲ್ಲಿ ಚೆಲ್ಲಾಪಿಲ್ಲಿ ಬಿದ್ದಿದ್ದವು.

ಅವನು ತನ್ನ ಜಾಕೆಟ್ಟನ್ನು ಮಗಳ ಸೊಂಟಕ್ಕೆ ಕಟ್ಟಿ ಮುಂದಿನ ಸ್ಟಾಪಿನಲ್ಲಿಳಿದು, ಎದುರಿಗೆ ಕಂಡ ಮೊಬೈಲ್ ಅಂಗಡಿಗೆ ನುಗ್ಗಿದ.

"ಹೊಸ ಡಿಸೈನು ಅಣ್ಣ. ಆ ಸಾಲು ತೆಗೆಯೋಕಾಗಲ್ಲ," ಎಂದ ಅಂಗಡಿಯವ. "ನಿಮಗೆ ಏನು ಬೇಕೋ ಅದೇ ತಿಳ್ಕೊಂಡು ಮುಂದಿಡುತ್ತೆ."

"ಏನ್ ತಿಳ್ಕೊಂಡಿದೆ ಮಣ್ಣು! ನನ್ ಮಗಳು ಬಾತ್‌ರೂಮು ಕೇಳಿದ್ರೆ ಚಪ್ಪಲಿ ತೋರಿಸ್ತಿದೆ!" ಅವನು ಗಾಜಿನ ಕೌಂಟರನ್ನು ಗುದ್ದಿದ. "ನಾನು ಲಿಫ್ಟು ರಿಪೇರಿ ಮಾಡೋನು ಕಣಯ್ಯ. ಬೆಳಗಾಗೋದ್ರೊಳಗೆ ಮೂರನೇ ಮಹಡಿ ಬಟನ್ ಕಿತ್ತು ಅಲ್ಲಿ ಸೋಪಿನ ಜಾಹೀರಾತು ಅಂಟಿಸಿದ್ರೆ ಜನ ನನ್ನ ಸುಮ್ನೆ ಬಿಡ್ತಾರಾ?"

"ನನ್ ಮೇಲೆ ಯಾಕಣ್ಣ ಹಾರಾಡ್ತೀರ? ನಾನೇನು ಕಂಪನಿ ಓನರಾ?" ಅಂಗಡಿಯವ ತನ್ನ ಫೋನನ್ನೂ ತಿರುಗಿಸಿ ತೋರಿಸಿದ. ಅಲ್ಲೂ ಅದೇ ಸಾಲು, ಅದೇ ಚಪ್ಪಲಿ.

ಬೈಯಲು ತಕ್ಕ ಒಬ್ಬ ಮನುಷ್ಯನೂ ಎದುರಿಗಿಲ್ಲದ್ದು ಮೆಕ್ಯಾನಿಕ್ಕಿನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಹೊರಗೆ ಮೆಟ್ಟಿಲ ಮೇಲೆ ಕೂತು ಒಂದೊಂದೇ ಚಿತ್ರವನ್ನು ಎಳೆದು ತಂದ. ಎಳೆದದ್ದು ಜಾರಿ ಇನ್ನೆಲ್ಲೋ ಹೋಗುತ್ತಿತ್ತು. ಬಾಗಿಲಿಗೆ ಸಿಕ್ಕಿದ್ದು ಒಂದು ಸಾಲು ಮೇಲಿನ ಜಾಗ. "ಇಲ್ಲಿ ಪುಟ್ಟ, ಇನ್ಮೇಲೆ ಇಲ್ಲಿ," ಎಂದು ಅವಳ ಬೆರಳು ಹಿಡಿದು ಒತ್ತಿಸಿದ. ಬಿಟ್ಟೊಡನೆ ಬೆರಳು ಕೆಳಗೇ ಹೋಯಿತು. ಅರ್ಧ ಬೆಲೆ. ಮತ್ತೆ ಹಿಡಿದ. ಮತ್ತೆ ಕೆಳಗೆ. ಚೂಟಿ ಫೋನು ಕಿತ್ತುಕೊಂಡು ಅವನ ಮೊಣಕಾಲಿಗೆ ಫಟಫಟನೆ ಬಡಿದಳು. ಮುಖ ಕೆಂಪಾಗಿತ್ತು, ಬಾಯಿ ತೆರೆದಿತ್ತು, ದನಿಯಿರಲಿಲ್ಲ.

ಮೊಣಕಾಲು ಉಜ್ಜಿಕೊಳ್ಳುತ್ತಾ ಅವನು ಸ್ಕ್ರೀನು ನೋಡಿದ. ನೀರು, ಊಟ, ನಿದ್ದೆ, ನೋವು, ಚಳಿ. ಪುಟ ತಿರುಗಿಸಿ ಮತ್ತೆ ಮೊದಲಿಂದ ನೋಡಿದ. ಆಮೇಲೆ ಫೋನನ್ನು ತನ್ನ ಮುಖದೆದುರು ಹಿಡಿದು ಒಂದು ಫೋಟೋ ತೆಗೆದುಕೊಂಡ. ನಟಿಸುವ ಅಗತ್ಯವೇನೂ ಬೀಳಲಿಲ್ಲ. ಅದಕ್ಕೊಂದು ಮಾತು ತುಂಬಿಸಿ, ಮೇಲಿನ ಸಾಲಿನಲ್ಲಿಟ್ಟ.

ವಾಪಸು ಬಸ್ಸು ಕಿಕ್ಕಿರಿದಿತ್ತು. ಇಬ್ಬರೂ ಕಂಬಿ ಹಿಡಿದು ನಿಂತರು. ಚೂಟಿ ಫೋನಿನಲ್ಲಿದ್ದ ಅಪ್ಪನ ಮುಖವನ್ನು ಒತ್ತಿದಳು.

"ನಂಗೆ ಸಿಟ್ಟು ಬಂದಿದೆ!"

ಜನ ತಿರುಗಿದರು. "ಯಾರ್ರೀ ಅದು?" ಎಂದ ಕಂಡಕ್ಟರು. ಚೂಟಿ ಅವನನ್ನು ನೆಟ್ಟಗೆ ನೋಡುತ್ತಾ ಮತ್ತೆ ಒತ್ತಿದಳು.

ಅಪ್ಪ ಬಗ್ಗಿ ಫೋನಿನ ದನಿಯನ್ನು ಪೂರ್ತಿ ಮೇಲಕ್ಕೇರಿಸಿದ.