ಮೊಲಗಳ ಮಟ್ಟಿಗೆ

ಹೊರಗೆ ಮಳೆಯೇ ಎಂದು ಕೇಳಿದರೆ ಡಾಕ್ಟರ್ ಪುರಿಂಗ್ ಎದ್ದುಹೋಗಿ, ಕಿಟಕಿಯಾಚೆ ಅಂಗೈ ಚಾಚಿ, “ಇಲ್ಲಿಯ ಮಟ್ಟಿಗೆ ಬರ್ತಾ ಇದೆ” ಎನ್ನುತ್ತಿದ್ದರು. ಕಂಡದ್ದಕ್ಕಿಂತ ಒಂದಕ್ಷರವೂ ಹೆಚ್ಚು ನುಡಿಯದ ಆ ಹಟವನ್ನು ಲಗೂನಾ ಸರೋವರದ ದಡದ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅಣಕಿಸುತ್ತಿದ್ದೆವು. ಸೆಖೆಯಲ್ಲೂ ಆಕೆಯ ಮೈಮೇಲೆ ಗಂಡಸರ ಬೂದು ಕೋಟು, ಎಡಕ್ಕೆ ತುಸು ವಾಲಿದ ನಡಿಗೆ. ಮೊಲಗಳ ಕೋಣೆಗೆ ಮಾತ್ರ, ಅವು ಬೆದರದಿರಲೆಂದು, ಬರಿಗಾಲಿನಲ್ಲಿ ಪ್ರವೇಶ.

ತಯಾಬಾಸಿನ ತೆಂಗಿನ ತೋಟದಲ್ಲಿ ಹುಟ್ಟಿ, ಕೊಬ್ಬರಿಯ ದುಡಿಮೆಯಿಂದಲೇ ಓದಿದ ಅವರು, ಹೃದ್ರೋಗದ ವಿಷಯದಲ್ಲಿ ತೆಂಗಿನೆಣ್ಣೆ ನಿರಪರಾಧಿಯೆಂದು ತೋರಿಸುವ ಆಸೆಯಿಂದಲೇ ಪ್ರಯೋಗಕ್ಕೆ ಇಳಿದಿದ್ದರು. ಮೊಲಗಳಿಗೆಲ್ಲ ಕೊಲೆಸ್ಟರಾಲ್ ಬೆರೆಸಿದ ಮೇವು. ಒಂದು ಗುಂಪಿಗೆ ಅದರೊಡನೆ ತೆಂಗಿನೆಣ್ಣೆ, ಇನ್ನೊಂದಕ್ಕೆ ಮೆಕ್ಕೆಜೋಳದ ಎಣ್ಣೆ. ಆರು ತಿಂಗಳ ಬಳಿಕ ಮಹಾಧಮನಿಗಳನ್ನು ಸೀಳಿ ನೋಡಿದಾಗ, ತೆಂಗಿನೆಣ್ಣೆ ತಿಂದವುಗಳ ಒಳಗೋಡೆಯಲ್ಲೇ ಕೊಬ್ಬಿನ ಹಳದಿ ಗೆರೆಗಳು ದಟ್ಟವಾಗಿದ್ದವು. ನಂಬಲಾರದೆ ಹೊಸ ಮೊಲಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರು. ಫಲ ಬದಲಾಗಲಿಲ್ಲ.

ಪ್ರಕಟಿಸುವ ಮುನ್ನ ಊರಿಗೆ ಹೋಗಿ ಅಣ್ಣ ಇಸ್ಕೊಗೆ ತಾವೇ ತಿಳಿಸಿದರು. ಕೊಬ್ಬರಿ ಒಣಗಿಸುತ್ತಿದ್ದ ಅವನು, “ಮೊಲ ಯಾವತ್ತಾದ್ರೂ ತೆಂಗಿನಮರ ಹತ್ತಿದ್ದುಂಟೇನೇ ಪುರಿಂಗ್?” ಎಂದು ನಕ್ಕನಂತೆ. ನಗು ಆರಿದ ಮೇಲೆ, “ಬರೀಲೇಬೇಕಾ?” ಎಂದ.

“ಕಣ್ಣಾರೆ ಕಂಡಿದ್ದೀನಲ್ಲ, ಕುಯಾ” ಎಂದರು, ಅಣ್ಣನನ್ನು ತಮ್ಮೂರ ಮಾತಿನಲ್ಲೇ ಕರೆದು.

ಆ ವರ್ಷ ಕ್ರಿಸ್ಮಸ್ಸಿಗೆ ಅಣ್ಣನ ಮನೆಯಿಂದ ಕರೆ ಬರಲಿಲ್ಲ, ಮುಂದೆಯೂ ಬರಲಿಲ್ಲ. ಪ್ರಬಂಧ ಅಚ್ಚಾದಮೇಲೆ ತೆಂಗು ಬೆಳೆಗಾರರ ಮುನಿಸಿಗೆ ಅಂಜಿ ಸಹೋದ್ಯೋಗಿಗಳು ಊಟದ ಮೇಜಿನಿಂದ ಒಬ್ಬೊಬ್ಬರಾಗಿ ಸರಿದರು. ಸರಿದವರಲ್ಲಿ ನಾನೂ ಒಬ್ಬ.

ಆಗ ಬೇರೆ ಎಣ್ಣೆಯ ವ್ಯಾಪಾರಿಗಳು ಹೂಗುಚ್ಛ ಹಿಡಿದು ಬಂದರು. ತೆಂಗಿನೆಣ್ಣೆ ಮನುಷ್ಯರ ಹೃದಯಕ್ಕೆ ವಿಷವೆಂದು ಸಭೆಯಲ್ಲಿ ಸಾರಬೇಕೆಂಬುದು ಅವರ ಕೋರಿಕೆ. “ನಾನು ನೋಡಿರೋದು ಹುಲ್ಲು ತಿನ್ನೋ ಮೊಲಗಳನ್ನ. ಮನುಷ್ಯರ ವಿಷಯ ನನಗಿನ್ನೂ ಗೊತ್ತಿಲ್ಲ” ಎಂದರು ಪುರಿಂಗ್. ಬಂದವರು ಚಹಾ ಮುಗಿಸದೆ ಎದ್ದರು. ತೆಂಗಿನವರ ಸ್ನೇಹ, ಬೇರೆ ಎಣ್ಣೆಯವರ ಸ್ನೇಹ, ಎರಡೂ ಹೀಗೆ ಒಂದೇ ವರ್ಷದಲ್ಲಿ ಕೈತಪ್ಪಿದವು.

ಬಹಳ ಕಾಲದ ನಂತರ, ಒಂದು ಮಧ್ಯಾಹ್ನ ಸಂಕೋಚದಿಂದಲೇ ಅವರೆದುರು ಕುಳಿತೆ. ಅವರ ಬುತ್ತಿಯಲ್ಲಿ ತೆಂಗಿನಹಾಲಿನಲ್ಲಿ ಬೇಯಿಸಿದ ಎಳೆ ಹಲಸು. ನನ್ನ ಕಣ್ಣು ಅದರ ಮೇಲೆ ನಿಂತದ್ದನ್ನು ಗಮನಿಸಿ, “ಅಮ್ಮ ಮಾಡ್ತಿದ್ದ ಅಡುಗೆ. ಊರಿಂದು ಅಂತ ನನಗೆ ಉಳಿದಿರೋದು ಇದೊಂದೇ” ಎಂದು ಅರ್ಧವನ್ನು ನನ್ನ ತಟ್ಟೆಗೆ ಬಡಿಸಿದರು.

ಇಂಥವರನ್ನು ನಾವು ಗೌರವಿಸುತ್ತೇವೆ, ಉದಾಹರಿಸುತ್ತೇವೆ, ಜೊತೆಗೆ ಮಾತ್ರ ಕೂರುವುದಿಲ್ಲ. ಅವರು ಯಾರನ್ನೂ ದೂರುವವರಲ್ಲವಾದ್ದರಿಂದ, ಅವರು ಎಷ್ಟು ಒಂಟಿಯಾಗಿದ್ದರೆಂಬುದು ನಮಗೆ ಹೊಳೆಯುವುದೂ ತಡವಾಗಿಯೇ.